ಕೈಹೆಣಿಗೆಯನ್ನೇ ನಂಬಿದ ಬಟ್ಟೆ ಬ್ರ್ಯಾಂಡ್: ನ್ಯಾಯವಾಗಿ ಕಟ್ಟಲು ಒಂದು ಸಮಗ್ರ ಮಾರ್ಗದರ್ಶಿ

ಒಂದು ಸ್ವೆಟರಿನಲ್ಲಿ ಎಷ್ಟು ಕುಣಿಕೆಗಳಿರುತ್ತವೆ ಎಂದು ಲೆಕ್ಕ ಹಾಕಿದ್ದೀರಾ? ಮಧ್ಯಮ ದಪ್ಪದ ನೂಲಿನಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ, 10 ಸೆಂಟಿಮೀಟರ್ ಎತ್ತರಕ್ಕೆ 30 ಸಾಲು ಬರುತ್ತದೆ ಎಂದುಕೊಳ್ಳಿ. ಅಂಗೈಯಗಲದ ಆ ಒಂದು ಚೌಕದಲ್ಲೇ 660 ಕುಣಿಕೆಗಳಾದವು. ದೊಡ್ಡವರ ಸ್ವೆಟರಿಗೆ ಮೈ, ತೋಳು ಎಲ್ಲ ಸೇರಿ ಅಂಥ 90 ಚೌಕಗಳಾದರೂ ಬೇಕು. ಹತ್ತಿರಹತ್ತಿರ 60,000 ಕುಣಿಕೆ. ಪಳಗಿದ ಕೈ ನಿಮಿಷಕ್ಕೆ 25 ಕುಣಿಕೆ ಹಾಕಿದರೂ 40 ಗಂಟೆ ಬೇಕು. ಬಣ್ಣದ ಚಿತ್ತಾರವೋ ಹುರಿಯಂತೆ ಹೊಸೆದ ವಿನ್ಯಾಸವೋ ಇದ್ದರೆ ಇನ್ನೂ ಹೆಚ್ಚು.

ಆ 40 ಗಂಟೆ ಯಾರದು, ಅದಕ್ಕೆ ಅವರಿಗೆ ಏನು ಸಿಕ್ಕಿತು? ಇದಕ್ಕೆ ಲೆಕ್ಕದ ಪುಸ್ತಕ ತೆರೆದು ಉತ್ತರ ತೋರಿಸಬಲ್ಲ ಬ್ರ್ಯಾಂಡನ್ನು ಮಾತ್ರ ನಾನು ನ್ಯಾಯದ ಬ್ರ್ಯಾಂಡ್ ಎನ್ನುತ್ತೇನೆ. ಸಾವಯವ ಉಣ್ಣೆ, ಮರುಬಳಕೆಯ ಪೊಟ್ಟಣ, ಚೆಂದದ ಲೋಗೋ ಎಲ್ಲ ಆಮೇಲೆ. ಕೆಳಗಿನ ಪ್ರತಿ ಹಂತವೂ ಈ ಗಂಟೆಯ ಲೆಕ್ಕದ ಸುತ್ತಲೇ ತಿರುಗುತ್ತದೆ.

1. ಡಿಸೈನಿಗಿಂತ ಮೊದಲು ಹೆಣೆಯುವವರ ಹತ್ತಿರ ಹೋಗಿ

ಹೆಚ್ಚಿನವರು ಮೊದಲು ಡಿಸೈನ್ ಬರೆದುಕೊಂಡು, ಆಮೇಲೆ ಹೆಣೆದುಕೊಡುವವರನ್ನು ಹುಡುಕುತ್ತಾರೆ. ಹಾಗೆ ಹೋದರೆ ನೀವು ಒಬ್ಬ ಕುಶಲಕರ್ಮಿಯ ಮುಂದೆ ಕೂಲಿ ಕೊಡುವವರಾಗಿ ನಿಲ್ಲುತ್ತೀರಿ. ಅವರಿಗೆ ಗೊತ್ತಿರುವುದರ ಹತ್ತನೇ ಒಂದು ಪಾಲೂ ನಿಮಗೆ ಕಾಣುವುದಿಲ್ಲ. ಬರಿಗೈಯಲ್ಲಿ ಹೋಗಿ. ಅವರು ತಮ್ಮ ಮನೆಯವರಿಗೆ ಏನು ಹೆಣೆಯುತ್ತಾರೆ, ಯಾವ ಕಡ್ಡಿ ಹಿಡಿಯುತ್ತಾರೆ, ಕುತ್ತಿಗೆಯನ್ನು ಹೇಗೆ ತಿರುಗಿಸುತ್ತಾರೆ, ಸವೆದ ಮೊಣಕೈಯನ್ನು ಹೇಗೆ ಮತ್ತೆ ಹೆಣೆಯುತ್ತಾರೆ ಎಂಬುದನ್ನು ನೋಡಿ.

ಯಾರು ಹೆಣೆಯುತ್ತಾರೆ ಎಂಬುದನ್ನೂ ಮೊದಲೇ ಊಹಿಸಿಕೊಳ್ಳಬೇಡಿ. ಪೆರುವಿನ ಟಿಟಿಕಾಕಾ ಸರೋವರದ ತಾಕೀಲೆ ದ್ವೀಪದಲ್ಲಿ ಕಿವಿ ಮುಚ್ಚುವ ಚೂಯೊ ಟೊಪ್ಪಿಗಳನ್ನು ಹೆಣೆಯುವವರು ಗಂಡಸರು. ಅಲ್ಲಿನ ಜವಳಿ ಕಲೆಯನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯೆಂದು ಘೋಷಿಸಿತು.

ಕೇಳಲೇಬೇಕಾದ ಪ್ರಶ್ನೆಗಳು ಇವು: ವಾರಕ್ಕೆ ಎಷ್ಟು ಗಂಟೆ ಬಿಡುವಿದೆ? ಯಾವ ತಿಂಗಳಲ್ಲಿ ಹೊಲಗದ್ದೆಯ ಅಥವಾ ಬೇರೆ ಕೆಲಸ ಇರುತ್ತದೆ? ಈಗ ಬೇರೆಯವರಿಗೆ ಹೆಣೆಯುತ್ತಿದ್ದರೆ ಎಷ್ಟು ಕೊಡುತ್ತಾರೆ, ಯಾವಾಗ ಕೊಡುತ್ತಾರೆ? ಹಣ ಅವರ ಕೈಗೇ ಬರುತ್ತದೋ, ನಡುವಿನವರು ತೆಗೆದುಕೊಳ್ಳುತ್ತಾರೋ? ಕೊನೆಯದಾಗಿ, ಈ ಕೆಲಸ ಅವರಿಗೆ ನಿಜಕ್ಕೂ ಬೇಕೇ? ಬೇಡ ಎಂಬ ಉತ್ತರ ಬಂದರೆ ಗೌರವದಿಂದ ಎದ್ದು ಬನ್ನಿ.

ಆರಂಭಕ್ಕೆ ನಾಲ್ಕರಿಂದ ಆರು ಜನ ಸಾಕು. ಇಪ್ಪತ್ತು ಜನರನ್ನು ಸೇರಿಸಿ ಎರಡು ತಿಂಗಳ ಮೇಲೆ ಕೆಲಸವಿಲ್ಲ ಎಂದು ಹೇಳುವುದಕ್ಕಿಂತ, ಆರು ಜನರಿಗೆ ವರ್ಷಪೂರ್ತಿ ಕೆಲಸ ಕೊಡುವುದು ಮೇಲು.

2. ವಿನ್ಯಾಸ ಯಾರದು ಎಂದು ತಿಳಿದುಕೊಳ್ಳಿ, ಬರೆದಿಡಿ

ಸಾಂಪ್ರದಾಯಿಕ ವಿನ್ಯಾಸಕ್ಕೆ ಸಾಮಾನ್ಯವಾಗಿ ಒಬ್ಬ ಕರ್ತೃ ಇರುವುದಿಲ್ಲ. ಹಾಗಾಗಿ ಬಹುತೇಕ ಕಡೆ ಹಕ್ಕುಸ್ವಾಮ್ಯದ ಕಾನೂನು ಅದನ್ನು ಕಾಯುವುದಿಲ್ಲ. ಕಾನೂನು ತಡೆಯುವುದಿಲ್ಲ ಎಂದ ಮಾತ್ರಕ್ಕೆ ಅದು ನಿಮ್ಮದಾಗುವುದೂ ಇಲ್ಲ. ಕೆನಡಾದ ಪಶ್ಚಿಮ ತೀರದ ಕವಿಚನ್ ಜನ ದಪ್ಪ ಉಣ್ಣೆಯಲ್ಲಿ ಪ್ರಾಣಿಪಕ್ಷಿಗಳ ಚಿತ್ರವಿರುವ ಸ್ವೆಟರ್ ಹೆಣೆಯುತ್ತಾರೆ. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ಗಾಗಿ ದೊಡ್ಡ ವ್ಯಾಪಾರಿ ಸಂಸ್ಥೆಯೊಂದು ಅದನ್ನೇ ಹೋಲುವ ಸ್ವೆಟರನ್ನು ಬೇರೆಡೆ ಮಾಡಿಸಿದಾಗ ಆ ಸಮುದಾಯ ತಿರುಗಿಬಿತ್ತು. ಕೊನೆಗೆ ಅಸಲಿ ಕವಿಚನ್ ಸ್ವೆಟರುಗಳನ್ನೂ ಮಾರುವ ಒಪ್ಪಂದವಾಯಿತು. ಮೊದಲೇ ಹೋಗಿ ಕೇಳಿದ್ದರೆ ಜಗಳವೇ ಇರುತ್ತಿರಲಿಲ್ಲ.

ಕೆಲವು ಹೆಸರುಗಳಿಗೆ ಕಾನೂನಿನ ಬೇಲಿಯೂ ಇದೆ. ಐಸ್‌ಲ್ಯಾಂಡಿನಲ್ಲಿ 2020ರಿಂದ ‘ಐಸ್‌ಲ್ಯಾಂಡಿಕ್ ಲೋಪಪೇಸಾ’ ಎಂಬ ಸ್ವೆಟರಿನ ಹೆಸರಿಗೆ ರಕ್ಷಣೆಯಿದೆ. ಅಲ್ಲಿನ ಕುರಿಗಳ ಉಣ್ಣೆಯಲ್ಲಿ, ಅಲ್ಲಿಯೇ, ಕೈಯಿಂದಲೇ ಹೆಣೆದದ್ದಕ್ಕೆ ಮಾತ್ರ ಆ ಹೆಸರು. ನೀವು ಬಳಸಲಿರುವ ಹೆಸರಿಗೆ ಭೌಗೋಳಿಕ ಸೂಚಿಕೆ ಅಥವಾ ಟ್ರೇಡ್‌ಮಾರ್ಕ್ ಇದೆಯೇ ಎಂದು ನೋಂದಣಿ ಕಚೇರಿಯಲ್ಲಿ ಹುಡುಕಿ ನೋಡಿ.

ಆಮೇಲೆ ಒಂದು ಕರಾರು ಬರೆಯಿರಿ. ಒಂದೇ ಪುಟವಾದರೂ ಸಾಕು, ಹೆಣೆಯುವವರು ಓದಬಲ್ಲ ಭಾಷೆಯಲ್ಲಿರಲಿ. ಯಾವ ವಿನ್ಯಾಸ, ಯಾವ ವಸ್ತುಗಳ ಮೇಲೆ, ಎಷ್ಟು ಕಾಲ. ಮಾರಾಟದಲ್ಲಿ ಸಮುದಾಯಕ್ಕೆ ಎಷ್ಟು ಪಾಲು. ಯಾವ ವಿನ್ಯಾಸಗಳನ್ನು ಮಾರಲೇಬಾರದು. ಈ ಕೊನೆಯದು ಮುಖ್ಯ. ಮದುವೆಗೆ, ಮರಣಕ್ಕೆ, ಪೂಜೆಗೆ ಮೀಸಲಾದ ಚಿತ್ತಾರಗಳಿದ್ದರೆ ಅವನ್ನು ಮುಟ್ಟಬೇಡಿ. ಅದೇ ವಿನ್ಯಾಸವನ್ನು ಅವರು ಬೇರೆಯವರಿಗೆ ಮಾರಬಾರದು ಎಂಬ ಷರತ್ತನ್ನೂ ಹಾಕಬೇಡಿ. ಅದು ಅವರ ಅಜ್ಜಿಯರಿಂದ ಬಂದದ್ದು.

3. ನೂಲು

ಇಲ್ಲಿ ಅವಸರ ಮಾಡಿದವರು ಮುಂದೆ ಪ್ರತಿ ವಾಪಸಾತಿಯಲ್ಲೂ ಅದರ ಬೆಲೆ ತೆರುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಉಣ್ಣೆ ಚುಚ್ಚುತ್ತದೋ ಇಲ್ಲವೋ ಎಂಬುದು ಬಹುಪಾಲು ಎಳೆಯ ದಪ್ಪದ ಮೇಲೆ ನಿಂತಿದೆ. ಅದನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಮೆರಿನೊ ಉಣ್ಣೆ 24 ಮೈಕ್ರಾನಿಗಿಂತ ಸಣ್ಣದು, ಮೈಗೆ ತಾಗಿದರೂ ಮೆತ್ತಗಿರುತ್ತದೆ. 30 ಮೈಕ್ರಾನ್ ದಾಟಿದ ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ. ಅಂಥ ಉಣ್ಣೆಯನ್ನು ಮೇಲಂಗಿಗೆ, ಚೀಲಕ್ಕೆ, ಹೊದಿಕೆಗೆ ಇಟ್ಟುಕೊಳ್ಳಿ. ಮೆತ್ತನೆಯದೇ ಒಳ್ಳೆಯದು ಎಂಬ ಭ್ರಮೆ ಬೇಡ. ತೀರಾ ಸಣ್ಣ ಎಳೆಯ, ಸಡಿಲ ಹುರಿಯ ನೂಲು ಬೇಗ ಗುಳ್ಳೆ ಕಟ್ಟುತ್ತದೆ. ದಿನಬಳಕೆಯ ಸ್ವೆಟರಿಗೆ ಮೂರೆಳೆಯ ಬಿಗಿ ಹುರಿ ಬಾಳಿಕೆ ಬರುತ್ತದೆ.

ಕಾಶ್ಮೀರಿ ಉಣ್ಣೆಯ ಆಸೆ ಎಲ್ಲರಿಗೂ ಇರುತ್ತದೆ. ಒಂದು ಮೇಕೆಯಿಂದ ವರ್ಷಕ್ಕೆ ಸಿಗುವ ಬಳಕೆಯ ಒಳತುಪ್ಪಳ ಸುಮಾರು 150ರಿಂದ 200 ಗ್ರಾಂ. ಒಂದು ಸ್ವೆಟರಿಗೆ ಹಲವು ಮೇಕೆಗಳು ಬೇಕು. ಅದು ಅಗ್ಗವಾಗಿ ಸಿಗುತ್ತಿದ್ದರೆ ಹುಲ್ಲುಗಾವಲೋ ಕುರಿಗಾಹಿಯೋ ಆ ಬೆಲೆ ತೆರುತ್ತಿದ್ದಾರೆ ಎಂದೇ ತಿಳಿಯಿರಿ.

ಮೆರಿನೊ ಕೊಳ್ಳುವಾಗ ಮ್ಯೂಲ್ಸಿಂಗ್ ಬಗ್ಗೆ ಕೇಳಿ. ನೊಣಗಳು ಮೊಟ್ಟೆಯಿಡದಂತೆ ಕುರಿಯ ಹಿಂಭಾಗದ ಚರ್ಮವನ್ನು ಕತ್ತರಿಸಿ ತೆಗೆಯುವ ಪದ್ಧತಿ ಅದು. ನ್ಯೂಜಿಲೆಂಡ್ 2018ರಲ್ಲಿ ಅದನ್ನು ನಿಷೇಧಿಸಿತು. ಆಸ್ಟ್ರೇಲಿಯಾದಲ್ಲಿ ಅಂಥ ದೇಶವ್ಯಾಪಿ ನಿಷೇಧ ಬಂದಿಲ್ಲ. ಟೆಕ್ಸ್‌ಟೈಲ್ ಎಕ್ಸ್‌ಚೇಂಜ್ ಸಂಸ್ಥೆ 2016ರಲ್ಲಿ ತಂದ ರೆಸ್ಪಾನ್ಸಿಬಲ್ ವುಲ್ ಸ್ಟ್ಯಾಂಡರ್ಡ್ ಎಂಬ ಉಣ್ಣೆಯ ಮಾನದಂಡ ಮ್ಯೂಲ್ಸಿಂಗ್ ಅನ್ನು ಒಪ್ಪುವುದಿಲ್ಲ. ಮೆಷಿನ್‌ನಲ್ಲಿ ಒಗೆಯಬಹುದಾದ ‘ಸೂಪರ್‌ವಾಶ್’ ಉಣ್ಣೆಯನ್ನು ಸಾಮಾನ್ಯವಾಗಿ ಕ್ಲೋರಿನ್‌ನಿಂದ ಸಂಸ್ಕರಿಸಿ, ಮೇಲೆ ಪ್ಲಾಸ್ಟಿಕ್‌ನಂಥ ರಾಳ ಬಳಿದಿರುತ್ತಾರೆ ಎಂಬುದೂ ನೆನಪಿರಲಿ.

ಪ್ರಮಾಣಪತ್ರಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದನ್ನು ಬಿಡಿಸಿ ತಿಳಿಯಿರಿ. ಓಯಿಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಬಟ್ಟೆಯಲ್ಲಿ ಹಾನಿಕರ ರಾಸಾಯನಿಕಗಳಿವೆಯೇ ಎಂದಷ್ಟೇ ಪರೀಕ್ಷಿಸುತ್ತದೆ. ಕೂಲಿಯ ಬಗ್ಗೆ ಒಂದು ಮಾತೂ ಇಲ್ಲ. ಸಾವಯವ ಜವಳಿಗೆ ಕೊಡುವ ಗಾಟ್ಸ್ (GOTS) ಪ್ರಮಾಣಪತ್ರಕ್ಕೆ ಕನಿಷ್ಠ ಶೇ. 70ರಷ್ಟು ಸಾವಯವ ನಾರು ಬೇಕು, ‘ಸಾವಯವ’ ಎಂದೇ ಬರೆಯಲು ಶೇ. 95 ಬೇಕು. ನೀವು ಕೊಂಡ ನೂಲಿಗೆ ಗಾಟ್ಸ್ ಇದ್ದರೂ, ಹೆಣಿಗೆಯಿಂದ ಮುಂದಿನ ಹಂತಗಳಿಗೆ ಇಲ್ಲದಿದ್ದರೆ ಸ್ವೆಟರಿನ ಮೇಲೆ ಆ ಲೇಬಲ್ ಹಾಕುವಂತಿಲ್ಲ. ಸಣ್ಣ ಬ್ರ್ಯಾಂಡುಗಳು ತಿಳಿಯದೆ ಎಡವುವುದು ಇಲ್ಲಿಯೇ.

ಒಂದು ಮುಖ್ಯ ಎಚ್ಚರಿಕೆ: ನೂಲನ್ನು ಒಟ್ಟಿಗೆ ಬಣ್ಣ ಹಾಕಿದ ಒಂದೇ ಡೈ ಲಾಟ್‌ನಲ್ಲಿ ಕೊಳ್ಳಿ. ಒಂದೇ ಬಣ್ಣವಾದರೂ ಎರಡು ಲಾಟ್‌ಗಳ ನಡುವೆ ಛಾಯೆ ಬದಲಾಗುತ್ತದೆ. ಅಂಗಡಿಯ ದೀಪದಲ್ಲಿ ಕಾಣದ್ದು ಹಗಲಿನ ಬೆಳಕಿನಲ್ಲಿ ಎದೆಯ ಮಧ್ಯೆ ಗೆರೆ ಎಳೆದಂತೆ ಕಾಣುತ್ತದೆ. ಬಣ್ಣ ಬಿಡುತ್ತದೆಯೇ ಎಂದು ನೋಡಲು ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ನೂಲಿನ ಮೇಲೆ ಗಟ್ಟಿಯಾಗಿ ಉಜ್ಜಿ.

4. ಗಂಟೆಗೆ ತಕ್ಕಂತೆ ಡಿಸೈನ್ ಮಾಡಿ

ಮೊದಲು 15 ಸೆಂಟಿಮೀಟರ್‌ನ ಮಾದರಿ ತುಂಡು ಹೆಣೆಸಿ, ಒಗೆದು, ಒಣಗಿಸಿ, ಮಧ್ಯದ 10 ಸೆಂಟಿಮೀಟರ್ ಅಳೆಯಿರಿ. ಒಗೆಯದೆ ಅಳೆದ ಗೇಜ್ (10 ಸೆಂಟಿಮೀಟರಿಗೆ ಬರುವ ಕುಣಿಕೆ, ಸಾಲುಗಳ ಲೆಕ್ಕ) ಸುಳ್ಳು ಹೇಳುತ್ತದೆ.

ಡಿಸೈನ್ ಬದಲಿಸಿ ಗಂಟೆ ಉಳಿಸುವ ದಾರಿಗಳಿವೆ. ಕೂಲಿ ಕಡಿಮೆ ಮಾಡಬೇಕೆಂಬ ಒತ್ತಡ ಬಂದಾಗಲೆಲ್ಲ ನಾನು ಮೊದಲು ನೋಡುವುದು ಇಲ್ಲಿ. ನೂಲನ್ನು ದಪ್ಪ ಮಾಡಿ 10 ಸೆಂಟಿಮೀಟರಿಗೆ 22ರ ಬದಲು 16 ಕುಣಿಕೆ, 30ರ ಬದಲು 22 ಸಾಲು ಬರುವಂತೆ ಮಾಡಿದರೆ, ಚೌಕದ ಕುಣಿಕೆ 660ರಿಂದ 352ಕ್ಕೆ ಇಳಿಯುತ್ತದೆ. ದಪ್ಪ ನೂಲಿನ ಒಂದೊಂದು ಕುಣಿಕೆಗೆ ತುಸು ಹೆಚ್ಚು ಸಮಯ ಹಿಡಿದರೂ ಒಟ್ಟು ಕೆಲಸ ಗಣನೀಯವಾಗಿ ಕಡಿಮೆಯಾಗುತ್ತದೆ. ವೃತ್ತಾಕಾರದ ಕಡ್ಡಿಯಲ್ಲಿ ಸುತ್ತಾಗಿ ಹೆಣೆದರೆ ಪಕ್ಕದ ಹೊಲಿಗೆಯೂ ಉಲ್ಟಾ ಸಾಲುಗಳೂ ಉಳಿಯುತ್ತವೆ. ಚಿತ್ತಾರವನ್ನು ಇಡೀ ಮೈಗೆ ಹರಡದೆ ಭುಜದ ಸುತ್ತಲಿನ ಯೋಕ್‌ನಲ್ಲಿ ಕೂಡಿಸಬಹುದು. ಲೋಪಪೇಸಾದ ಜಾಣತನ ಇರುವುದೇ ಅಲ್ಲಿ. ನೋಡುವ ಕಣ್ಣು ಮೊದಲು ಹೋಗುವ ಜಾಗದಲ್ಲಿ ಕುಸುರಿ, ಉಳಿದ ಕಡೆ ಸರಳ ಹೆಣಿಗೆ.

ಕೈಯಿಂದ ನಡೆಸುವ ಹೆಣಿಗೆ ಯಂತ್ರ ಬಳಸುವುದು ಮೋಸವೇ ಎಂದು ಹಲವರು ಕೇಳುತ್ತಾರೆ. ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಚೌಕಟ್ಟನ್ನು ಕಂಡುಹಿಡಿದದ್ದು 1589ರಲ್ಲಿ. ಯಂತ್ರಕ್ಕೂ ಅದರದೇ ಪರಂಪರೆಯಿದೆ. ಮೈಯನ್ನು ಯಂತ್ರದಲ್ಲಿ, ಯೋಕ್ ಅನ್ನು ಕೈಯಲ್ಲಿ ಹೆಣೆಯಬಹುದು. ಅದನ್ನು ‘ಕೈಹೆಣಿಗೆ’ ಎಂದು ಬರೆದಾಗ ಮಾತ್ರ ಮೋಸ. ಕ್ರೋಶಾದ ಕಥೆ ಬೇರೆ. ಅಸಲಿ ಕ್ರೋಶಾವನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಯಂತ್ರ ಇನ್ನೂ ಬಳಕೆಗೆ ಬಂದಿಲ್ಲ. ಹಾಗಾಗಿ ತೀರಾ ಅಗ್ಗದ ಅಸಲಿ ಕ್ರೋಶಾ ಬಟ್ಟೆಯ ಹಿಂದೆ ತಕ್ಕ ಕೂಲಿ ಸಿಗದ ಯಾರದೋ ಕೈ ಇದ್ದೇ ಇರುತ್ತದೆ.

ಮೊದಲ ವರ್ಷಕ್ಕೆ ಒಂದು ಸ್ವೆಟರ್, ಒಂದು ಟೊಪ್ಪಿ, ಒಂದು ಮಫ್ಲರ್ ಸಾಕು. ಪ್ರತಿ ಸೈಜಿಗೂ ಕುಣಿಕೆಗಳ ಲೆಕ್ಕ ಬರೆದಿಡಿ. ಅಕ್ಷರ ಬಾರದವರೂ ಹೆಣೆಯುತ್ತಿದ್ದರೆ ಚೌಕಳಿ ಹಾಳೆಯ ಚಿತ್ರ ಮತ್ತು ಒಂದು ಸಿದ್ಧ ಮಾದರಿ ಕೊಡಿ. ಎಷ್ಟೋ ಕಡೆ ಅವರಿಗೆ ಬರವಣಿಗೆಗಿಂತ ಮಾದರಿಯನ್ನು ಮುಟ್ಟಿ ನೋಡುವುದೇ ಸುಲಭ.

5. ಕೂಲಿ

ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಹೆಣಿಗೆ ಇಂದು ಜಗತ್ತಿಗೆಲ್ಲ ಹೆಸರುವಾಸಿ. 19ನೇ ಶತಮಾನದಲ್ಲಿ ಅಲ್ಲಿನ ಹೆಂಗಸರು ಶಾಲು, ಕಾಲುಚೀಲಗಳನ್ನು ವ್ಯಾಪಾರಿಗೆ ಒಪ್ಪಿಸಿದರೆ ಸಿಗುತ್ತಿದ್ದದ್ದು ನಗದಲ್ಲ. ಅವನದೇ ಅಂಗಡಿಯ ಚಹಾಪುಡಿ, ಬಟ್ಟೆಬರೆ. ಮನೆಗೆ ಬೇಕಾದದ್ದನ್ನು ಬೇಕಾದ ಕಡೆ ಕೊಳ್ಳುವ ಸ್ವಾತಂತ್ರ್ಯವೂ ಅವರಿಗಿರಲಿಲ್ಲ. ಬ್ರಿಟಿಷ್ ಸರ್ಕಾರ ಇದನ್ನು ವಿಚಾರಣೆ ಮಾಡಿಸಿ 1872ರಲ್ಲಿ ವರದಿ ತಂದಿತು. ಅಂಥ ಸುಂದರ ಕಸೂತಿಯಂಥ ಹೆಣಿಗೆಯ ಹಿಂದೆ ಇಂಥ ಕಟ್ಟುಪಾಡಿತ್ತು ಎಂದು ಓದಿದ ದಿನದಿಂದ ‘ಸಾಂಪ್ರದಾಯಿಕ’ ಎಂಬ ಪದ ನನಗೆ ತಾನಾಗಿ ಪವಿತ್ರವಾಗಿ ಕೇಳಿಸುವುದಿಲ್ಲ.

ಕೂಲಿ ನಿಗದಿ ಮಾಡುವ ಕ್ರಮ ಹೀಗಿರಲಿ. ಒಂದೇ ಡಿಸೈನನ್ನು ಮೂವರಿಂದ ಹೆಣೆಸಿ: ಒಬ್ಬರು ವೇಗದವರು, ಒಬ್ಬರು ಸಾಧಾರಣ, ಒಬ್ಬರು ನಿಧಾನದವರು. ಮೂವರೂ ಗಂಟೆ ಬರೆದಿಡಲಿ. ಬಿಚ್ಚಿ ಮತ್ತೆ ಹೆಣೆದದ್ದು, ನೂಲು ಸುತ್ತಿದ್ದು, ತುದಿ ಸೇರಿಸಿದ್ದು ಎಲ್ಲ ಲೆಕ್ಕಕ್ಕೆ ಬರಬೇಕು. ಪೀಸಿನ ದರವನ್ನು ವೇಗದವರ ಮೇಲೆ ಕಟ್ಟಬೇಡಿ. ಸಾಧಾರಣ ವೇಗದವರಿಗೆ ಗಂಟೆಯ ಲೆಕ್ಕದಲ್ಲಿ ಬದುಕಿಗೆ ಸಾಲುವ ಕೂಲಿ ಬೀಳುವಂತೆ ದರವಿರಲಿ. ಕಾನೂನಿನ ಕನಿಷ್ಠ ಕೂಲಿ ಅದರ ಕೆಳಮಿತಿ ಮಾತ್ರ. ಕೆಲಸ ಕುಶಲದ್ದಾದ್ದರಿಂದ ಹೋಲಿಸಬೇಕಾದದ್ದು ಕುಶಲ ಕೆಲಸಗಾರರ ಕೂಲಿಯ ಜೊತೆ. ಮನೆಯಲ್ಲೇ ಕೂತು ದುಡಿಯುವವರನ್ನು ಉಳಿದ ಕಾರ್ಮಿಕರಿಗೆ ಸಮನಾಗಿ ನೋಡಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1996ರ 177ನೇ ಒಡಂಬಡಿಕೆ ಹೇಳುತ್ತದೆ. ನಿಮ್ಮ ದೇಶ ಅದಕ್ಕೆ ಸಹಿ ಹಾಕಿರಲಿ ಬಿಡಲಿ, ನೀವು ಅದರಂತೆ ನಡೆಯಲು ಯಾರೂ ಅಡ್ಡ ಬರುವುದಿಲ್ಲ.

ಹಣ ಯಾವಾಗ ಕೈಸೇರುತ್ತದೆ ಎಂಬುದೂ ಅಷ್ಟೇ ಮುಖ್ಯ. ಕೆಲಸ ಶುರುವಾಗುವಾಗ ಒಂದಿಷ್ಟು ಮುಂಗಡ, ಒಪ್ಪಿಸಿದ ವಾರದಲ್ಲೇ ಬಾಕಿ. ಸ್ವೆಟರ್ ಮಾರಾಟವಾದ ಮೇಲೆ ಕೊಡುತ್ತೇನೆ ಎಂದರೆ ನಿಮ್ಮ ವ್ಯಾಪಾರದ ಅಪಾಯವನ್ನು ಅವರ ತಲೆಗೆ ಕಟ್ಟಿದಂತೆ. ನೂಲು, ಕಡ್ಡಿ ನೀವೇ ಒದಗಿಸಿ. ಪೀಸನ್ನು ತಿರಸ್ಕರಿಸುವ ನಿಯಮ ಮೊದಲೇ ಬರೆದಿರಲಿ: ಅಳತೆ ಎಷ್ಟು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಸರಿ, ಯಾವ ತಪ್ಪನ್ನು ಸರಿಪಡಿಸಬಹುದು. ನಿಮ್ಮ ಪ್ಯಾಟರ್ನಿನ ತಪ್ಪಿನಿಂದ ಪೀಸ್ ಕೆಟ್ಟರೆ ಪೂರ್ತಿ ಕೂಲಿ ಕೊಡಬೇಕು.

6. ಬೆಲೆ ಕಟ್ಟುವುದು

ಹಣದ ಬದಲು ಗಂಟೆಯಲ್ಲೇ ಲೆಕ್ಕ ಹಾಕಿ ನೋಡೋಣ. ಹೆಣೆಯುವವರ ಒಂದು ಗಂಟೆಯ ಕೂಲಿ ಅಂದರೆ ಒಂದು ಪಾಲು. ಉದಾಹರಣೆಗೆ:

- ಹೆಣಿಗೆ 40, ಜೋಡಣೆ ಮತ್ತು ಮುಗಿತಾಯ 4: ಒಟ್ಟು 44 ಪಾಲು
- ನೂಲು: 9
- ಗುಂಡಿ, ಲೇಬಲ್, ಪೊಟ್ಟಣ: 2
- ಸ್ಯಾಂಪಲ್, ಕೆಟ್ಟ ಪೀಸುಗಳು: 4
- ಪರಿಶೀಲನೆ, ಓಡಾಟ: 6
- ಫೋಟೊ, ವೆಬ್‌ಸೈಟ್, ಲೆಕ್ಕಪತ್ರ, ನಿಮ್ಮ ಸಂಬಳ: 12
- ಮುಂದಿನ ಹಂಗಾಮಿನ ನೂಲಿಗೆ ಮತ್ತು ಕಷ್ಟಕಾಲಕ್ಕೆ: 15

ಒಟ್ಟು 92 ಪಾಲು. ತೆರಿಗೆ, ಸಾಗಾಟ ಬೇರೆ. ಬೆಲೆಯ ಅರ್ಧಕ್ಕೆ ಹತ್ತಿರದಷ್ಟು ಕೂಲಿಗೆ ಹೋಯಿತು. ಇದನ್ನು ಸಗಟಿನಲ್ಲಿ ಅಂಗಡಿಗೆ ಕೊಟ್ಟರೆ, ಅಂಗಡಿಯವರು ತಮ್ಮ ಖರ್ಚಿಗಾಗಿ ಬೆಲೆಯನ್ನು ಸಾಮಾನ್ಯವಾಗಿ ದುಪ್ಪಟ್ಟು ಮಾಡುತ್ತಾರೆ, 184 ಆಗುತ್ತದೆ. ಆ ಬೆಲೆಗೆ ಗಿರಾಕಿ ಸಿಗದಾಗ ಮೊದಲು ಕತ್ತರಿ ಬೀಳುವುದು ಆ 44ಕ್ಕೆ. ಆದ್ದರಿಂದ ಪೂರ್ತಿ ಕೈಹೆಣಿಗೆಯ ಸ್ವೆಟರನ್ನು ನೇರ ಗಿರಾಕಿಗೇ ಮಾರಿ. ಅಂಗಡಿಗಳಿಗೆ ಟೊಪ್ಪಿಯಂಥ ಐದಾರು ಗಂಟೆಯ ಕೆಲಸದವನ್ನು ಕೊಡಿ, ಅದಕ್ಕೆ ಮೊದಲೇ ಸಗಟು ಬೆಲೆ ಕಟ್ಟಿ. ನಿಮ್ಮ ಸಂಬಳವನ್ನು ಸೊನ್ನೆ ಎಂದು ಬರೆಯಬೇಡಿ. ಮಾಲೀಕರ ತ್ಯಾಗದ ಮೇಲೆ ನಿಂತ ಬ್ರ್ಯಾಂಡ್ ಅವರು ಸೋತ ದಿನ ಬೀಳುತ್ತದೆ, ಆರು ಮನೆಗಳ ಕೆಲಸವೂ ಜೊತೆಗೆ ಹೋಗುತ್ತದೆ.

7. ಆರ್ಡರ್ ಮೊದಲು, ಹೆಣಿಗೆ ಆಮೇಲೆ

ಆರು ಜನ ವಾರಕ್ಕೆ 15 ಗಂಟೆಯಂತೆ ದುಡಿದರೆ 90 ಗಂಟೆ, ಅಂದರೆ ವಾರಕ್ಕೆ ಎರಡು ಸ್ವೆಟರ್. 20 ವಾರದಲ್ಲಿ 40. ಒಂದಕ್ಕೆ 500 ಗ್ರಾಂನಂತೆ 20 ಕಿಲೋ ನೂಲು, ಹಾಳಾಗುವುದಕ್ಕೆ ಇನ್ನೆರಡು ಕಿಲೋ. ನಿಮ್ಮ ಮೊದಲ ಹಂಗಾಮಿನ ಗಾತ್ರ ಇಷ್ಟೇ. ಸ್ಯಾಂಪಲ್ ತೋರಿಸಿ ಮುಂಗಡ ಆರ್ಡರ್ ತೆಗೆದುಕೊಳ್ಳಿ, ಎಷ್ಟು ವಾರ ಕಾಯಬೇಕೆಂದು ನಿಜ ಹೇಳಿ. 40 ತುಂಬಿದ ಕೂಡಲೇ ಆರ್ಡರ್ ನಿಲ್ಲಿಸಿ. ಅಲ್ಲಿ ಆಸೆಬಿದ್ದು 60 ತೆಗೆದುಕೊಂಡರೆ ರಾತ್ರಿ ನಿದ್ದೆಗೆಟ್ಟು ಹೆಣೆಯುವುದು ನೀವಲ್ಲ.

ಬಂದ ಪ್ರತಿ ಪೀಸನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಅಳತೆಗೆ ಹರಡಿ ಒಣಗಿಸಿ. ಬ್ಲಾಕಿಂಗ್ ಎನ್ನುವ ಈ ಕೆಲಸದಲ್ಲೇ ಕುಣಿಕೆಗಳು ಸಮನಾಗುತ್ತವೆ. ತೂಕ ನೋಡಿ: ಒಂದೇ ಸೈಜಿನದು ತುಂಬಾ ಹಗುರ ಬಂದಿದ್ದರೆ ಸಡಿಲ ಹೆಣಿಗೆ. ಕಿಟಕಿಯ ಬೆಳಕಿಗೆ ಹಿಡಿದರೆ ತಪ್ಪಿದ ಕುಣಿಕೆ ಕಾಣುತ್ತದೆ. ಮಾರುವ ಮೊದಲು ಒಂದು ಸ್ವೆಟರನ್ನು ನೀವೇ ತಿಂಗಳುಗಟ್ಟಲೆ ತೊಟ್ಟು ಒಗೆದು ನೋಡಿ. ಕಂಕುಳಲ್ಲಿ ಗುಳ್ಳೆ ಎಷ್ಟು ಕಟ್ಟುತ್ತದೆ ಎಂದು ಅದಕ್ಕಿಂತ ಚೆನ್ನಾಗಿ ಹೇಳುವ ಪರೀಕ್ಷೆ ನಿಮ್ಮ ಕೈಯಳವಿನಲ್ಲಿ ಇನ್ನೊಂದಿಲ್ಲ.

8. ಹೇಳುವ ಕಥೆ ನಿಜವಿರಲಿ

ಐರ್ಲೆಂಡಿನ ಅರಾನ್ ಸ್ವೆಟರಿನ ಬಗ್ಗೆ ಒಂದು ಜನಪ್ರಿಯ ಕಥೆಯಿದೆ: ಪ್ರತಿ ಮನೆತನಕ್ಕೂ ಒಂದು ಹೆಣಿಗೆ, ಕಡಲಲ್ಲಿ ಮುಳುಗಿದವರ ಗುರುತು ಹಿಡಿಯುತ್ತಿದ್ದದ್ದು ಅದರಿಂದ ಎಂದು. ಅದಕ್ಕೆ ಇತಿಹಾಸದ ಆಧಾರವಿಲ್ಲ. ಲೋಪಪೇಸಾವೂ ಪುರಾತನವಲ್ಲ, 20ನೇ ಶತಮಾನದ ನಡುವಿನದು. ಇದರಿಂದ ಅವುಗಳ ಚೆಲುವು ಒಂದು ಎಳೆಯಷ್ಟೂ ಕಡಿಮೆಯಾಗಿಲ್ಲ. ‘ಸಾವಿರಾರು ವರ್ಷಗಳ ಕಲೆ’ ಎಂದು ಬರೆಯಬೇಕೆನಿಸಿದಾಗ ಕೈ ತಡೆಯಿರಿ. ಹೆಣೆದವರು ಅದನ್ನು ಯಾರಿಂದ ಕಲಿತರೋ ಅದನ್ನು ಬರೆಯಿರಿ.

ಹೆಣೆದವರ ಫೋಟೊ, ಹೆಸರು ಹಾಕುವ ಮೊದಲು ಒಪ್ಪಿಗೆ ಪಡೆಯಿರಿ, ಆಮೇಲೆ ಬೇಡವೆಂದರೆ ತೆಗೆಯಿರಿ. ಬಡತನವನ್ನು ಜಾಹೀರಾತು ಮಾಡಬೇಡಿ. ಗಿರಾಕಿ ಕೊಳ್ಳಬೇಕಾದದ್ದು ಸ್ವೆಟರ್ ಚೆನ್ನಾಗಿದೆ ಎಂದು. ಬೆಲೆಯ ಪಾಲುಗಳನ್ನು ಧೈರ್ಯವಾಗಿ ಪ್ರಕಟಿಸಿ, ಲೇಬಲ್ಲಿನಲ್ಲಿ ನಾರಿನ ಶೇಕಡಾವಾರು, ಒಗೆಯುವ ಕ್ರಮ, ಹೆಣಿಗೆಯ ಗಂಟೆ ಬರೆಯಿರಿ.

9. ಬೆಳೆಯುವಾಗ

ನೋಂದಣಿ, ತೆರಿಗೆ, ರಫ್ತಿನ ಕಾಗದಪತ್ರಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಅದಕ್ಕೆ ಒಬ್ಬ ಲೆಕ್ಕಪರಿಶೋಧಕರನ್ನು ಮೊದಲೇ ಹಿಡಿಯಿರಿ. ನಾನು ಹೇಳಬೇಕಾದದ್ದು ಬೇರೆ.

1939ರಲ್ಲಿ ಸ್ವೀಡನ್ನಿನಲ್ಲಿ ಎಮ್ಮಾ ಯಾಕೋಬ್‌ಸನ್ ‘ಬೂಹೂಸ್ ಸ್ಟಿಕ್‌ನಿಂಗ್’ ಎಂಬ ಹೆಣಿಗೆ ಸಂಸ್ಥೆ ಕಟ್ಟಿದರು. ಕಲ್ಲುಗಣಿಗಳು ಮುಚ್ಚಿ ದುಡಿಮೆ ನಿಂತ ಮನೆಗಳ ಹೆಂಗಸರಿಗೆ ಕೆಲಸ ಕೊಡುವುದು ಉದ್ದೇಶ. ದಾನದ ವಸ್ತುವಿನಂತೆ ಮಾರದೆ, ಒಳ್ಳೆಯ ವಿನ್ಯಾಸಕಾರರನ್ನು ಸೇರಿಸಿ, ಗುಣಮಟ್ಟದಲ್ಲಿ ರಾಜಿಯಾಗದೆ ಮಾಡಿದ್ದರಿಂದ ಅವರ ಬಣ್ಣಬಣ್ಣದ ಯೋಕ್‌ನ ಸ್ವೆಟರುಗಳು ದೇಶದಾಚೆಗೂ ಹೆಸರಾದವು. 1969ರಲ್ಲಿ ಅದು ಮುಚ್ಚಿತು. ಮೂವತ್ತು ವರ್ಷ ನಡೆದ ಆ ಕೆಲಸ ಸೋಲಲ್ಲ ಎಂದೇ ನನ್ನ ಅಭಿಪ್ರಾಯ. ಅಲ್ಲಿಂದ ಕಲಿಯಬೇಕಾದದ್ದು ಗುಣಮಟ್ಟದ ಹಟವನ್ನು.

ಹೊಸಬರನ್ನು ಸೇರಿಸುವಾಗ ಕಲಿಕೆಯ ಗಂಟೆಗಳಿಗೂ ಕೂಲಿ ಕೊಡಿ, ಕಲಿಸುವ ಹಿರಿಯರಿಗೆ ಇನ್ನೂ ಹೆಚ್ಚು. ವರ್ಷಕ್ಕೊಮ್ಮೆ ಎಲ್ಲರನ್ನೂ ಕೂರಿಸಿ ಲೆಕ್ಕದ ಪುಸ್ತಕ ತೆರೆದಿಟ್ಟು ದರಗಳನ್ನು ಮತ್ತೆ ನಿಗದಿ ಮಾಡಿ. ಮತ್ತೆ, ದುರಸ್ತಿಗೆ ಜಾಗ ಇಡಿ. ಪ್ರತಿ ಡೈ ಲಾಟ್‌ನಿಂದ ನೂರಿನ್ನೂರು ಗ್ರಾಂ ನೂಲನ್ನು ಲಾಟ್ ನಂಬರ್ ಬರೆದು, ನುಸಿ ಹೊಗದ ಡಬ್ಬಿಯಲ್ಲಿ ಎತ್ತಿಡಿ. ಸ್ವೆಟರಿನ ಒಳಗಿನ ಲೇಬಲ್ಲಿನಲ್ಲೂ ಅದೇ ನಂಬರ್ ಇರಲಿ. ಐದು ವರ್ಷದ ಮೇಲೆ ಸವೆದ ಮೊಣಕೈಯೊಂದು ವಾಪಸು ಬಂದಾಗ, ಸಾಧ್ಯವಾದರೆ ಅದನ್ನು ಹೆಣೆದವರ ಕೈಗೇ ಕಳಿಸಿ. ಆ ದುರಸ್ತಿಯ ಗಂಟೆಗೂ ಅದೇ ದರ.